ಕೇಕ್ ಉಬ್ಬಲಿಲ್ವಾ? ಎಸೆಯುವ ಮೊದಲು ಕತ್ತರಿಸಿ ನೋಡಿ

ಮನೆಯಲ್ಲಿ ಆಸೆಪಟ್ಟು ಮಾಡಿದ ಕೇಕ್ ಉಬ್ಬದೆ ಗಟ್ಟಿಯಾಗಿ ಕೂತರೆ ಬೇಜಾರಾಗದೆ ಇರುತ್ತಾ? ಆದರೆ ಅದರೊಳಗೆ ಇರುವುದು ಒಳ್ಳೆಯ ಬೆಣ್ಣೆ, ಸಕ್ಕರೆ, ಮೈದಾ, ಮೊಟ್ಟೆಯೇ ತಾನೆ. ಸುಮ್ನೆ ಕಸಕ್ಕೆ ಹಾಕಬೇಡಿ. ಬೆಂದು ಮುಗಿದ ಕೇಕಿಗೆ ಮತ್ತೆ ಗಾಳಿ ತುಂಬಲು ಆಗುವುದಿಲ್ಲ, ಆ ಪ್ರಯತ್ನ ಬೇಡ. ಅದನ್ನೇ ಬೇರೆ ತಿಂಡಿ ಮಾಡಿಕೊಳ್ಳಬಹುದು. ಯಾವ ತಿಂಡಿ ಅನ್ನುವುದನ್ನು ಕೇಕನ್ನು ಕತ್ತರಿಸಿ, ಒಳಗೆ ಹೇಗಿದೆ ಎಂದು ನೋಡಿದ ಮೇಲೆಯೇ ತೀರ್ಮಾನಿಸಿ.

ಮೊದಲು ಆರಲು ಬಿಡಿ

ಬಿಸಿ ಕೇಕನ್ನು ಕತ್ತರಿಸಿದರೆ ಚಾಕುವಿಗೆ ಅಂಟುತ್ತದೆ, ಚೆನ್ನಾಗಿ ಬೆಂದಿದ್ದರೂ ಹಸಿಯಾಗಿದೆ ಅನ್ನಿಸುತ್ತದೆ. ಪೂರ್ತಿ ತಣ್ಣಗಾಗಲಿ. ಆಮೇಲೆ ಬ್ರೆಡ್ ಕತ್ತರಿಸುವ ಹಲ್ಲಿನ ಚಾಕುವಿನಿಂದ ನಡುವೆ ಕೊಯ್ದು, ಒಳಭಾಗವನ್ನು ಬೆರಳಿನಿಂದ ಒತ್ತಿ ನೋಡಿ.

ಒತ್ತಿದ ಜಾಗ ಮೆತ್ತಗೆ ಹಿಟ್ಟಿನಂತೆ ಅಂಟಿದರೆ, ಹೊಳೆಯುತ್ತಿದ್ದರೆ, ಕೇಕ್ ಬೆಂದಿಲ್ಲ. ಹಸಿ ಮೈದಾ, ಹಸಿ ಮೊಟ್ಟೆ ಎರಡೂ ಹೊಟ್ಟೆಗೆ ಒಳ್ಳೆಯದಲ್ಲ, ಹಾಗೇ ತಿನ್ನಬೇಡಿ. ಇಡೀ ಕೇಕನ್ನು ಮತ್ತೆ ಓವನ್‌ಗೆ ಇಟ್ಟರೆ ನಡುಭಾಗ ಬೇಯುವಷ್ಟರಲ್ಲಿ ಹೊರಗೆ ಒಣಗಿ ಹೋಗುತ್ತದೆ. ಅದರ ಬದಲು ಅರ್ಧ ಇಂಚಿನ ಹೋಳು ಮಾಡಿ, ತಟ್ಟೆಯಲ್ಲಿ ಹರಡಿ, 160 ಡಿಗ್ರಿಯಲ್ಲಿ ಅಂಟು ಹೋಗುವವರೆಗೆ ಬೇಯಿಸಿ.

ಬೆಂದಿದೆ, ಆದರೆ ಒಣಗಿ ಬಿಗಿಯಾಗಿದೆಯಾ? ಅದಕ್ಕೆ ಪಾಕ ಬೇಕು. ಬೆಂದಿದೆ, ಜಿಡ್ಡೂ ಇದೆ, ತಿಂದರೆ ಭಾರ ಅನ್ನಿಸುತ್ತದೆಯಾ? ಅದನ್ನು ರಸ್ಕ್ ಮಾಡಿ. ತಳದಲ್ಲಿ ಮಾತ್ರ ರಬ್ಬರಿನಂಥ ಪದರ ಕೂತಿದ್ದರೆ ಅಷ್ಟನ್ನೇ ಕೊಯ್ದು ತೆಗೆಯಿರಿ, ಮೇಲಿನದು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸೋಡಾ ಜಾಸ್ತಿಯಾಗಿ ಸೋಪಿನ ವಾಸನೆ ಬರುತ್ತಿದ್ದರೆ ಮಾತ್ರ ಏನು ಮಾಡಿದರೂ ಆ ರುಚಿ ಹೋಗುವುದಿಲ್ಲ. ಅದರ ಮೇಲೆ ಇನ್ನಷ್ಟು ಹಾಲು, ಸಕ್ಕರೆ ಸುರಿಯಬೇಡಿ.

ಒಣ ಕೇಕಿಗೆ ಹನಿ ಕೇಕ್ ದಾರಿ

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ನಮ್ಮ ಅಯ್ಯಂಗಾರ್ ಬೇಕರಿಗಳ ಹನಿ ಕೇಕ್ ಎಲ್ಲರಿಗೂ ಗೊತ್ತು. ಪಾಕ ಕುಡಿದ ಕೇಕು, ಮೇಲೆ ಕೆಂಪು ಜಾಮ್, ಅದರ ಮೇಲೆ ಕೊಬ್ಬರಿ ಪುಡಿ. ಕೇಕನ್ನು ಅಷ್ಟು ಮೆತ್ತಗೆ ಮಾಡುವುದು ಆ ಪಾಕವೇ. ಮನೆಯ ಒಣ ಕೇಕಿಗೂ ಅದೇ ಉಪಾಯ ಸಾಕು.

ಅರ್ಧ ಕೆಜಿ ಕೇಕಿಗೆ ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ನೀರು. ಸಕ್ಕರೆ ಕರಗಿ ಕುದಿ ಬಂದ ಮೇಲೆ ಎರಡು ನಿಮಿಷ ಬಿಟ್ಟು ಒಲೆ ಆರಿಸಿ. ಎಳೆ ಬರುವವರೆಗೆ ಕಾಯಿಸಬೇಡಿ, ಪಾಕ ದಪ್ಪವಾದರೆ ಒಳಗೆ ಇಳಿಯದೆ ಮೇಲೆಯೇ ಅಂಟಿಕೊಳ್ಳುತ್ತದೆ. ಉಗುರು ಬೆಚ್ಚಗಾದಾಗ ಎರಡು ಚಮಚ ಜೇನುತುಪ್ಪ ಬೆರೆಸಿ.

ಬಿಗಿಯಾದ ಕೇಕ್ ಪಾಕವನ್ನು ಸುಲಭವಾಗಿ ಎಳೆದುಕೊಳ್ಳುವುದಿಲ್ಲ. ಹಾಗಾಗಿ ಮೇಲಿನ ಗಟ್ಟಿ ಪದರವನ್ನು ತೆಳ್ಳಗೆ ಹೆರೆದು ತೆಗೆಯಿರಿ. ಕೇಕನ್ನು ಅಡ್ಡಲಾಗಿ ಎರಡು ಭಾಗ ಮಾಡಿ. ಟೂತ್‌ಪಿಕ್‌ನಿಂದ ಒತ್ತೊತ್ತಾಗಿ ಚುಚ್ಚಿ. ಆಮೇಲೆ ಒಂದೊಂದೇ ಚಮಚ ಪಾಕ ಹಾಕುತ್ತಾ ಬನ್ನಿ. ಹಾಕಿದ ಪಾಕ ತೂತುಗಳ ಸುತ್ತ ಒಂದು ಕ್ಷಣ ನಿಂತು, ನಿಧಾನಕ್ಕೆ ಒಳಗೆ ಇಳಿದು, ಆ ಜಾಗದ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಇಳಿದ ಮೇಲೆಯೇ ಮುಂದಿನ ಚಮಚ. ಪಾಕ ಮೇಲೆಯೇ ನಿಂತುಬಿಟ್ಟರೆ ಸಾಕು ಎಂದರ್ಥ. ಉಳಿದದ್ದನ್ನು ಹಠಕ್ಕೆ ಸುರಿದರೆ ಕೇಕ್ ಮುದ್ದೆಯಾಗುತ್ತದೆ.

ನಾಲ್ಕು ಚಮಚ ಮಿಕ್ಸೆಡ್ ಫ್ರೂಟ್ ಜಾಮ್‌ಗೆ ಒಂದು ಚಮಚ ನೀರು ಹಾಕಿ ಬಿಸಿ ಮಾಡಿದರೆ ಸಲೀಸಾಗಿ ಸವರಲು ಬರುತ್ತದೆ. ಎರಡು ಭಾಗಗಳ ನಡುವೆ ಸ್ವಲ್ಪ, ಮೇಲೆ ಧಾರಾಳವಾಗಿ ಸವರಿ, ಕೊಬ್ಬರಿ ಪುಡಿ ಉದುರಿಸಿ. ಒಂದೆರಡು ಗಂಟೆ ಮುಚ್ಚಿಟ್ಟು ಆಮೇಲೆ ಕತ್ತರಿಸಿ. ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಚಾಕೊಲೇಟ್ ಕೇಕಾದರೆ ಜೇನುತುಪ್ಪದ ಬದಲು ಆ ಪಾಕಕ್ಕೇ ಒಂದು ಚಮಚ ಕಾಫಿ ಡಿಕಾಕ್ಷನ್ ಹಾಕಿ, ಬಹಳ ಚೆನ್ನಾಗಿ ಹೊಂದುತ್ತದೆ.

ಭಾರದ ಕೇಕಿಗೆ ರಸ್ಕ್

ಗಟ್ಟಿ ಕೇಕ್ ಪುಡಿಪುಡಿಯಾಗದೆ ನೀಟಾಗಿ ಹೋಳಾಗುತ್ತದೆ. ರಸ್ಕಿಗೆ ಇದು ಅನುಕೂಲವೇ. ಹೋಳು ಒಂದು ಸೆಂಟಿಮೀಟರಿಗಿಂತ ದಪ್ಪ ಬೇಡ. ದಪ್ಪವಾದರೆ ಆರಿದ ಮೇಲೆ ಹಲ್ಲಿಗೆ ಕಷ್ಟ. ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಜೋಡಿಸಿ, 150 ಡಿಗ್ರಿಯಲ್ಲಿ 15 ನಿಮಿಷ ಇಡಿ. ತಿರುಗಿಸಿ ಇನ್ನೊಂದು 10–15 ನಿಮಿಷ. ಅಂಚು ಕೆಂಪಗಾದಾಗ ಓವನ್ ಆರಿಸಿ, ಬಾಗಿಲು ಸ್ವಲ್ಪ ತೆರೆದು ಅಲ್ಲೇ ಬಿಡಿ. ಬಿಸಿಯಲ್ಲಿ ಮೆತ್ತಗೇ ಇರುತ್ತವೆ, ಆರಿದ ಮೇಲೆ ಗರಿಗರಿಯಾಗುತ್ತವೆ. ಆದ್ದರಿಂದ ಇನ್ನೂ ಗರಿಯಾಗಿಲ್ಲ ಎಂದು ಹೊತ್ತಿಸಬೇಡಿ. ಓವನ್ ಇಲ್ಲದವರು ದಪ್ಪ ತವಾದಲ್ಲಿ, ತೀರಾ ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚದೆ ಮಾಡಬಹುದು. ಪೂರ್ತಿ ಆರಿದ ಮೇಲೆಯೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ.

ಹೋಳು ಮಾಡುವಾಗ ಉಳಿದ ತುಂಡು, ಪುಡಿ ಇದ್ದೇ ಇರುತ್ತದಲ್ವಾ? ಅದಕ್ಕೆ ಒಂದೆರಡು ಚಮಚ ಕಂಡೆನ್ಸ್ಡ್ ಮಿಲ್ಕ್ ಬೆರೆಸಿ ಉಂಡೆ ಕಟ್ಟಿ, ಕೊಬ್ಬರಿಯಲ್ಲಿ ಹೊರಳಿಸಿ. ಮಕ್ಕಳಿಗೆ ಕೊಟ್ಟರೆ ಒಂದೂ ಉಳಿಯುವುದಿಲ್ಲ. ಇಲ್ಲವಾದರೆ ಬಟ್ಟಲಲ್ಲಿ ತುಂಡು ಹರಡಿ, ಬಾಳೆಹಣ್ಣು ಹಾಕಿ, ಮೇಲೆ ಬಿಸಿ ಕಸ್ಟರ್ಡ್ ಸುರಿದು ಫ್ರಿಜ್‌ನಲ್ಲಿಡಿ.

ಮುಂದಿನ ಸಲಕ್ಕೆ

ಹೆಚ್ಚಿನ ಸಲ ತಪ್ಪುವುದು ಕಲಸುವುದರಲ್ಲಿ. ಬೆಣ್ಣೆ, ಸಕ್ಕರೆಯನ್ನು ಹಗುರವಾಗುವವರೆಗೆ ಚೆನ್ನಾಗಿ ತಿಕ್ಕಿ, ಗಾಳಿ ಸೇರುವುದೇ ಆಗ. ಮೈದಾ ಬಿದ್ದ ಮೇಲೆ ಮಾತ್ರ ಕೈ ಹಗುರವಾಗಿರಲಿ. ಜಾಸ್ತಿ ಕಲಸಿದಷ್ಟೂ ಮೈದಾದಲ್ಲಿ ಚಪಾತಿ ಹಿಟ್ಟಿನ ಹಾಗೆ ಜಿಗುಟು ಹೆಚ್ಚಿ ಕೇಕ್ ಬಿಗಿಯುತ್ತದೆ. ಒಣ ಹಿಟ್ಟು ಕಾಣದಂತಾದರೆ ನಿಲ್ಲಿಸಿ.

ಅಳತೆಯನ್ನೂ ಗಮನಿಸಿ. ಕಪ್ಪನ್ನು ಡಬ್ಬಿಗೆ ಅದ್ದಿ ಒತ್ತಿ ತುಂಬಿದರೆ ಮೈದಾ 150 ಗ್ರಾಂವರೆಗೂ ಹೋಗಬಹುದು. ಚಮಚದಿಂದ ಹಗುರವಾಗಿ ತುಂಬಿದರೆ ಸುಮಾರು 120–125 ಗ್ರಾಂ. ಮೂರು ಕಪ್ಪಿಗೆ ಎಷ್ಟು ವ್ಯತ್ಯಾಸ ನೋಡಿ!

ಬೇಕಿಂಗ್ ಪೌಡರ್ ಹಳತಾಗಿದೆ ಅನ್ನಿಸಿದರೆ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ, ಭುಸ್ ಎಂದು ನೊರೆ ಬರಬೇಕು. ಸೋಡಾ ಆದರೆ ನಿಂಬೆರಸದಲ್ಲಿ ಪರೀಕ್ಷಿಸಿ. ಮೊಟ್ಟೆಯಿಲ್ಲದ ಕೇಕಿನಲ್ಲಿ ಮೊಸರಿಗೆ ಸೋಡಾ ತಾಗಿದ ಕ್ಷಣವೇ ಗುಳ್ಳೆ ಶುರುವಾಗುತ್ತದೆ. ಹಿಟ್ಟು ಕಲಸಿಟ್ಟು ಟಿನ್ನಿಗೆ ಎಣ್ಣೆ ಸವರಲು ಹೊರಟರೆ ಆ ಗುಳ್ಳೆಯೆಲ್ಲ ಒಡೆದುಹೋಗುತ್ತದೆ. ಟಿನ್ ಮೊದಲೇ ಸಿದ್ಧವಿರಲಿ, ಓವನ್ ಮೊದಲೇ ಕಾದಿರಲಿ. ಒಲೆಯ ಮೇಲೆ ದಪ್ಪ ತಳದ ಪಾತ್ರೆಯಲ್ಲಿ ಮಾಡುವವರೂ ಹಿಟ್ಟು ಕಲಸುವ ಮೊದಲೇ ಪಾತ್ರೆ ಕಾಯಲು ಇಡಿ, ಅರ್ಧ ಗಂಟೆ ಕಳೆಯುವವರೆಗೆ ಮುಚ್ಚಳ ತೆಗೆದು ನೋಡಬೇಡಿ.