ಟೇಪಿನ ಒಂದು ತುದಿ ಗಿರಾಕಿ ಕೈಗೆ

ಮೈಸೂರಲ್ಲಿ ಪೇಂಟಿಂಗ್ ಕಾಂಟ್ರಾಕ್ಟ್ ಮಾಡೋ ನನಗೆ ಗಿರಾಕಿಗಳ ಜೊತೆ ತಕರಾರು ಬರ್ತಿದ್ದದ್ದು ರೇಟಿಗಿಂತ ಹೆಚ್ಚಾಗಿ ಅಳತೆಗೆ. ಕುವೆಂಪುನಗರದ ಯಜಮಾನರೊಬ್ಬರು ಕೆಲಸ ಮುಗಿದ ಮೇಲೆ, "ರೂಮಿರೋದೇ ಹತ್ತು ಹನ್ನೆರಡು, 120 ಚದರಡಿ. ನೀನು 560 ಅಂತ ಬರ್ದಿದ್ದೀಯಲ್ಲಪ್ಪ?" ಅಂತ ಪಟ್ಟು ಹಿಡಿದರು.

ಅವರದು ನೆಲದ ಲೆಕ್ಕ. ಬಣ್ಣ ಹೊಡೆಯೋದು ಗೋಡೆಗೆ. ವಾದಕ್ಕೆ ಇಳಿಯದೆ, "ಸ್ವಲ್ಪ ಹಿಡ್ಕೊಳ್ಳಿ ಸಾರ್" ಅಂತ ಟೇಪಿನ ಒಂದು ತುದಿ ಅವರ ಕೈಗೇ ಕೊಟ್ಟೆ. ನಾಲ್ಕು ಗೋಡೆ ಸೇರಿ ಸುತ್ತಳತೆ 44 ಅಡಿ, ಎತ್ತರ 10 ಅಡಿ, ಅಲ್ಲಿಗೆ 440. ಸೀಲಿಂಗ್ 120. ತಾವೇ ಕೂಡಿಸಿ ನೋಡಿದರು, ದುಡ್ಡು ಕೊಟ್ಟರು.

ಈಗ ಕೆಲಸ ಒಪ್ಪಿಕೊಳ್ಳೋ ದಿನವೇ ಹೀಗೆ ಜೊತೇಲಿ ಅಳೀತೀನಿ. ಬಾಗಿಲು ಕಿಟಕಿ ಕಳೀಬೇಕಾ ಬೇಡವಾ ಅನ್ನೋದೂ ಆಗಲೇ ತೀರ್ಮಾನ. ಗೋಡೆ ನುಣುಪು ಮಾಡೋ ಪುಟ್ಟಿ ಎಷ್ಟು ಕೋಟು, ಬಣ್ಣಕ್ಕೆ ಮುಂಚೆ ಹೊಡೆಯೋ ಪ್ರೈಮರ್, ಆಮೇಲೆ ಎಮಲ್ಷನ್ ಬಣ್ಣ, ಎಲ್ಲಕ್ಕೂ ಲೆಕ್ಕದ ಚೀಟೀಲಿ ಬೇರೆ ಬೇರೆ ಸಾಲು. ಇಷ್ಟಾದ ಮೇಲೂ ಅನುಮಾನ ಇರೋರಿಗೆ ಸಾಮಾನು ನೀವೇ ತನ್ನಿ, ನನಗೆ ಕೂಲಿ ಕೊಟ್ಟರೆ ಸಾಕು ಅಂತೀನಿ.

ಚೌಕಾಸಿ ಮಾಡೋರು ಮಾಡೇ ಮಾಡ್ತಾರೆ, ಅದು ಅವರ ಹಕ್ಕು. ಆದರೆ ರೇಟ್ ಇಳಿಸಿ, ಒಳಗೊಳಗೇ ಒಂದು ಕೋಟು ನುಂಗೋ ಕೆಲಸ ನನಗೆ ಬೇಡ. "ಸ್ಟೋರ್ ರೂಮಿಗೆ ಪುಟ್ಟಿ ಬಿಡೋಣ, ಇಷ್ಟು ಉಳಿಯುತ್ತೆ" ಅಂತ ಆ ಚೀಟೀಲೇ ತೋರಿಸ್ತೀನಿ. "ಆ ಗೇಟಿಗೂ ಹಂಗೇ ಒಂದು ಕೈ ಹೊಡೆದುಬಿಡಪ್ಪ" ಅಂದರೆ ಮೊದಲು ವಾಟ್ಸಾಪಲ್ಲಿ ರೇಟು, ಅವರು ಸರಿ ಅಂದಮೇಲೆ ಬ್ರಷ್ಷು. ಕೊನೇ ಕೋಟಿಗೆ ಮುಂಚೆ ಮುಕ್ಕಾಲು ಭಾಗ ಹಣ ಕೈಗೆ ಬಂದಿರಬೇಕು.