ಬನ್ಸು, ನೀರ್‌ದೋಸೆ, ಕುಚ್ಚಿಲಕ್ಕಿ ಊಟ: ಸಣ್ಣ ಹೋಟ್ಲು ಸುರು ಮಾಡೋದು ಹೇಗೆ?

ಉಡುಪಿ ಕಡೆಯ ಕಟಪಾಡಿ ಹತ್ರ ಮಾವನ ಹೋಟ್ಲಲ್ಲಿ ಎರಡು ವರ್ಷ ಗಲ್ಲಾದಲ್ಲಿ ಕೂತವ ನಾನು. ಆರು ಬೆಂಚು, ಕೈ ತೊಳೀಲಿಕ್ಕೆ ಒಂದು ನಳ್ಳಿ, ಕರಿ ಬೋರ್ಡಲ್ಲಿ ಚಾಕ್‌ಪೀಸಲ್ಲಿ ಬರೆದ ತಿಂಡಿ ಹೆಸ್ರು, ಅಷ್ಟೇ. ಈಗ ಯಾರಾದ್ರೂ "ನಾನೂ ಒಂದು ಹೋಟ್ಲು ಹಾಕ್ತೇನೆ ಮಾರಾಯ" ಅಂದ್ರೆ ನಾನು ಕೈರುಚಿ ಬಗ್ಗೆ ಕೇಳುದಿಲ್ಲ, ಬೆಳಿಗ್ಗೆ 11ಕ್ಕೆ ಎಷ್ಟು ಬನ್ಸ್ (ಬಾಳೆಹಣ್ಣು ಹಾಕಿದ ಮೈದಾ ಪೂರಿ) ಉಳೀಬಹುದು ಅಂತ ಲೆಕ್ಕ ಹಾಕಿದ್ದೀಯಾ ಅಂತ ಕೇಳ್ತೇನೆ. ಕಮ್ಮಿ ರೇಟಿನ ಹೋಟ್ಲಲ್ಲಿ ದುಡ್ಡು ಹೋಗುದೇ ಉಳಿದದ್ರಲ್ಲಿ.

ಮೊದ್ಲು ಜಾಗ. ಅಡ್ವಾನ್ಸ್ ಕೊಡುವ ಮೊದ್ಲು ಒಂದು ವಾರ ಬೆಳಿಗ್ಗೆ 6ರಿಂದ 9ರ ತನಕ ಆ ರೋಡಲ್ಲಿ ನಿಂತು ನೋಡಿ, ಬಸ್ಸಿಗೆ ಎಷ್ಟು ಜನ ಕಾಯ್ತಾರೆ, ರಿಕ್ಷಾದವ್ರು ಚಾ ಕುಡೀಲಿಕ್ಕೆ ಎಲ್ಲಿಗೆ ಹೋಗ್ತಾರೆ ಅಂತ. ರಿಕ್ಷಾ ಸ್ಟ್ಯಾಂಡ್ ಪಕ್ಕ ಸಿಕ್ಕಿದ್ರೆ ಬಿಡ್ಬೇಡಿ, ಅವ್ರು ತಿಂದದ್ದು ಚೆನ್ನಾಗಿದ್ರೆ ಊರಿಗೆಲ್ಲಾ ಅವ್ರೇ ಹೇಳ್ತಾರೆ. ಬಾಡಿಗೆಗಿಂತ ಮೊದ್ಲು ನೀರು ಕೇಳಿ. ಸಮುದ್ರದ ಕಡೆ ಬಾವಿ ಆದ್ರೆ ಏಪ್ರಿಲ್-ಮೇಯಲ್ಲಿ ಉಪ್ಪಾಗ್ತದಾ ಅಂತ ಪಕ್ಕದ ಮನೆಯವ್ರನ್ನ ಕೇಳಿ, ಓನರ್‌ನನ್ನ ಅಲ್ಲ. ಟ್ಯಾಂಕರ್ ನೀರಲ್ಲಿ ಪಾತ್ರೆ ತೊಳೆಯುವ ಹೋಟ್ಲು ಉಳಿಯುದು ಕಷ್ಟ.

ಕಾಗದಪತ್ರ ಹೆಚ್ಚೇನಿಲ್ಲ. ಸಣ್ಣ ಹೋಟ್ಲಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ರಿಜಿಸ್ಟ್ರೇಷನ್ ಆನ್‌ಲೈನಲ್ಲೇ ಮಾಡ್ಬಹುದು, ಅದ್ರ 14 ಅಂಕೆಯ ನಂಬರ್ ಗೋಡೇಲಿ ಕಾಣುವ ಹಾಗೆ ಇರ್ಬೇಕು. ಪಾಲಿಕೆ, ನಗರಸಭೆ ಅಥವಾ ಪಂಚಾಯ್ತಿಯಿಂದ ಟ್ರೇಡ್ ಲೈಸೆನ್ಸ್. ಗ್ಯಾಸ್ 19 ಕೆಜಿ ಕಮರ್ಷಿಯಲ್ ಸಿಲಿಂಡರೇ ಆಗ್ಬೇಕು, ಮನೆಯ 14.2 ಕೆಜಿದು ತಂದು ಇಟ್ರೆ ತಪ್ಪು, ಸಿಕ್ಕಿ ಬಿದ್ರೆ ದಂಡವೂ ಉಂಟು. ವರ್ಷದ ವ್ಯಾಪಾರ 20 ಲಕ್ಷ ದಾಟಿದ್ರೆ ಜಿಎಸ್‌ಟಿ, ಅದಕ್ಕೆ ಒಬ್ಬ ಅಕೌಂಟೆಂಟನ್ನ ಹಿಡೀರಿ.

ಇನ್ನು ತಿಂಡಿ. ನಾಲ್ಕೇ ಸಾಕು ಸುರುವಿಗೆ: ಬನ್ಸ್, ನೀರ್‌ದೋಸೆ, ಸಜ್ಜಿಗೆ (ಉಪ್ಪಿಟ್ಟು)-ಅವಲಕ್ಕಿ, ಮತ್ತೆ ಸಂಜೆವರೆಗೆ ತೆರೆಯುದಾದ್ರೆ ಗೋಳಿಬಜೆ (ಮೈದಾ-ಮೊಸರಿನ ಬೋಂಡ). ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯ್ಸಿದ ಇಡ್ಲಿ), ಪತ್ರೊಡೆ (ಕೆಸುವಿನ ಎಲೆಯದು) ಆಸೆಗೆ ಬಿದ್ದು ಹಾಕ್ಬೇಡಿ, ಎಲೆ ಸುತ್ತುವವ್ರು ಬೇಕು, ಅದು ಅಷ್ಟಮಿಗೆ, ಆಟಿಗೆ (ತುಳು ಆಷಾಢ ತಿಂಗಳಿಗೆ) ಒಂದ್ಸಲ ಮಾಡಿ, ಬೋರ್ಡಲ್ಲಿ ದೊಡ್ಡದಾಗಿ ಬರೀರಿ. ಮೀನೂಟ ಹಾಕುವ ಪ್ಲಾನ್ ಇದ್ರೆ ಜೂನಲ್ಲಿ ಸುರು ಮಾಡ್ಬೇಡಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಆಗ ಬಂಗುಡೆ ರೇಟು ಕೇಳಿದ್ರೆ ತಲೆ ತಿರುಗ್ತದೆ.

ಬನ್ಸ್ ಹಿಟ್ಟು ಹಿಂದಿನ ರಾತ್ರಿದು. ಸಿಪ್ಪೆ ಕಪ್ಪಾದ ಬಾಳೆಹಣ್ಣು ಅಂಗಡಿಯವ್ರು ಕಮ್ಮಿಗೆ ಕೊಡ್ತಾರೆ, ಅದೇ ಒಳ್ಳೇದು, ಹಳದಿ ಹಣ್ಣಲ್ಲಿ ಸಿಹಿ ಬರುದಿಲ್ಲ. ಹಣ್ಣು ಕಿವುಚಿ ಸಕ್ರೆ, ಹುಳಿ ಮೊಸ್ರು, ಜೀರಿಗೆ, ಉಪ್ಪು, ಚಿಟಿಕೆ ಸೋಡಾ ಹಾಕಿ, ಮೈದಾ ಸ್ವಲ್ಪ ಸ್ವಲ್ಪವೇ ಸೇರ್ಸಿ ಕೈಗೆ ಅಂಟುವ ಹದಕ್ಕೆ ನಾದಿ, ಎಣ್ಣೆ ಸವರಿ 6-8 ಗಂಟೆ ಮುಚ್ಚಿಡಿ. 1 ಕೆಜಿ ಮೈದಾಕ್ಕೆ 25-30 ಬನ್ಸ್ ಆಗ್ತದೆ. ಬೆಳಿಗ್ಗೆ ಲಟ್ಟಿಸಿ ಕರಿಯುವಾಗ ಎಣ್ಣೆ ತುಂಬಾ ಕಾದ್ರೆ ಹೊರಗೆ ಕೆಂಪು, ಒಳಗೆ ಹಸಿ. ಒಂದ್ಸಲ ಮಾವ ಮದುವೆಗೆ ಹೋಗಿದ್ರು, ನಾನು ಹುಮ್ಮಸ್ಸಲ್ಲಿ ಡಬಲ್ ಹಿಟ್ಟು ಕಲಸಿಟ್ಟೆ, ಬೆಳಿಗ್ಗೆ ನೋಡಿದ್ರೆ ಬಂದ್, ರೋಡಲ್ಲಿ ನಾಯಿ ಬಿಟ್ರೆ ಯಾರೂ ಇಲ್ಲ! ಅರುವತ್ತು ಬನ್ಸ್ ಎರಡು ದಿನ ಮನೇಲಿ ತಿಂದ್ವಿ, ಎರಡ್ನೇ ದಿನ ಅದು ರಬ್ಬರೇ. ಮಾವ ಬೈಲಿಲ್ಲ, ಮರುದಿನದಿಂದ ಹಿಟ್ಟಿನ ಅಳತೆ ನನ್ನ ಕೈಗೆ ಕೊಡ್ಲಿಲ್ಲ ಅಷ್ಟೇ.

ಅದಕ್ಕೇ ನೀರ್‌ದೋಸೆ ಬೇಕೇ ಬೇಕು. ಅಕ್ಕಿ ನೆನೆಸಿ ನೈಸಾಗಿ ಕಡೆದು ನೀರು ಜಾಸ್ತಿ ಹಾಕಿದ್ರೆ ಆಯ್ತು, ಹುಳಿ ಬರ್ಲಿಕ್ಕೆ ಕಾಯುದಿಲ್ಲ, ಜನ ನೋಡ್ಕೊಂಡು ಹೊಯ್ಬಹುದು. ಕಾವಲಿ ಚೆನ್ನಾಗಿ ಕಾಯ್ಬೇಕು, ಸೌಟಲ್ಲಿ ಹರಡ್ಬೇಡಿ, ಮೇಲಿಂದ ಹೊಯ್ದು ಮುಚ್ಚಿ, ಮಗುಚ್ಲಿಕ್ಕೆ ಇಲ್ಲ. ಹೊಸಬ್ರು ಕಾವಲಿ ಅರ್ಧ ಕಾಯುವಾಗ್ಲೇ ಹೊಯ್ದು ಅದನ್ನ ಕೆರೆದು ತೆಗೀತಾ ಕೂರ್ತಾರೆ, ಗಿರಾಕಿ ಅಲ್ಲಿ ವಾಚ್ ನೋಡ್ತಾ ಇರ್ತಾರೆ.

ಮಧ್ಯಾಹ್ನದ ಊಟಕ್ಕೆ ಕುಚ್ಚಿಲಕ್ಕಿ 10:30ಕ್ಕೆ ಒಲೆಗೆ ಹಾಕ್ಬೇಕು, ಬೇಯ್ಲಿಕ್ಕೇ ಒಂದು ಗಂಟೆ ಹತ್ರ ಹಿಡೀತದೆ. 1 ಕೆಜಿಗೆ 7-8 ಜನ ಅಂತ ಇಟ್ಕೊಳ್ಳಿ, ಬೆಳ್ತಿಗೆ (ಬಿಳಿ ಅನ್ನ) ಕೇಳುವವ್ರಿಗೆ ಒಂದು ಸಣ್ಣ ಪಾತ್ರೆ ಬೇರೆ. ಬಸಿದ ತೆಳಿ (ಗಂಜಿ ನೀರು) ಚೆಲ್ಬೇಡಿ, ಸ್ವಲ್ಪ ಅನ್ನ ಹಾಕಿ, ಉಪ್ಪಿನಕಾಯಿ ಜೊತೆ ಕೊಟ್ರೆ ಕೇಳಿ ಕುಡಿಯುವವ್ರು ಉಂಟು. ತರಕಾರಿಗೆ ಮಂಗಳೂರು ಸೌತೆ, ಬೇಸಗೆಯಲ್ಲಿ ಬೆಳೆದವ್ರಿಂದ ಒಟ್ಟಿಗೆ ತಕೊಂಡು ಮಾಡಿಗೆ (ಸೂರಿಗೆ) ಕಟ್ಟಿ ತೂಗ್ಸಿದ್ರೆ ತಿಂಗಳುಗಟ್ಲೆ ಹಾಳಾಗುದಿಲ್ಲ, ಮಳೆಗಾಲದಲ್ಲಿ ಟೊಮೆಟೊ ರೇಟು ಏರುವಾಗ ಕೊದ್ದೆಲ್‌ಗೆ (ನಮ್ಮ ಕಡೆಯ ಸಾಂಬಾರಿಗೆ) ಅದೇ ಗತಿ. ಒಂದು ಸಾರು, ಒಂದು ಪಲ್ಯ, ಮಜ್ಜಿಗೆ, ಮುಗೀತು. ಹಪ್ಪಳ ಬೇಕಾದ್ರೆ ಎಕ್ಸ್‌ಟ್ರಾ ದುಡ್ಡು.

ಕರಿದ ಎಣ್ಣೆ ಬಗ್ಗೆ ಒಂದು ಮಾತು. ಟೋಟಲ್ ಪೋಲಾರ್ ಕಂಪೌಂಡ್ (ಎಣ್ಣೆ ಮತ್ತೆ ಮತ್ತೆ ಕಾದಾಗ ಹೆಚ್ಚಾಗುವ ಕೆಟ್ಟ ಅಂಶ) 25 ಪರ್ಸೆಂಟ್ ದಾಟಿದ್ದು ಬಳಸ್ಬಾರ್ದು ಅಂತ ರೂಲ್ಸ್ ಉಂಟು. ಅದನ್ನ ಅಳೆಯುವ ಮೀಟರ್ ನಮ್ಮಂತವ್ರ ಹತ್ರ ಎಲ್ಲಿ ಇರ್ತದೆ, ನೊರೆ ಬಂದು ಬಣ್ಣ ಕಪ್ಪಾದ್ರೆ ಚೆಲ್ಲಿ ಬಿಡಿ, ಗಲ್ಲಾದಲ್ಲಿ ಕೂತವ್ರಿಗೆ ಮೊದ್ಲು ಅದ್ರದ್ದೇ ವಾಸ್ನೆ ಹೊಡೀತದೆ.

ರೇಟು ಇಡುವಾಗ ಪಕ್ಕದ ಹೋಟ್ಲು ನೋಡಿ ಒಂದೆರಡು ರೂಪಾಯಿ ಕಮ್ಮಿ ಮಾಡುದು ಎಲ್ರೂ ಮಾಡುವ ತಪ್ಪು. ಸಾಮಾನು, ಗ್ಯಾಸ್, ಕೆಲ್ಸದವ್ರ ಸಂಬಳ, ಬಾಡಿಗೆ, ಉಳಿದು ಹೋಗುದು ಎಲ್ಲಾ ಕೂಡಿಸಿ ನೋಡಿ. ಸಾಮಾನೇ ರೇಟಿನ ಅರ್ಧ ದಾಟಿದ್ರೆ ಆ ತಿಂಡಿಯನ್ನ ಬೋರ್ಡಿಂದ ಒರಸಿ. ಉದ್ರಿ ಬರೀದೆ ಇರ್ಲಿಕ್ಕಾಗುದಿಲ್ಲ ಊರಲ್ಲಿ, ಆದ್ರೆ ಪುಸ್ತಕ ಒಂದೇ ಇರ್ಲಿ, ತಿಂಗಳ ಸುರುವಿಗೆ ಚುಕ್ತಾ ಮಾಡದವ್ರಿಗೆ ಎರಡ್ನೇ ಪುಟ ಇಲ್ಲ.

"ಬನ್ಸ್ ಖಾಲಿ" ಅಂತ 10 ಗಂಟೆಗೆ ಬರೀಲಿಕ್ಕೆ ನಾಚಿಕೆ ಪಡ್ಬೇಡಿ, ನಾಳೆ ಅವ್ರು 9ಕ್ಕೇ ಬರ್ತಾರೆ. 3 ಗಂಟೆಗೆ ಶಟರ್ ಎಳೆದು, ಕಾವಲಿ ಒರಸಿ, ಇವತ್ತು ಎಷ್ಟು ಖಾಲಿ ಎಷ್ಟು ಉಳೀತು ಅಂತ ಆ ಪುಸ್ತಕದ ಕೊನೇ ಪುಟದಲ್ಲಿ ಬರೆದು, ಆಮೇಲೆ ಬಾಳೆಹಣ್ಣು ತರ್ಲಿಕ್ಕೆ ಹೋಗಿ.