ಗೆಜ್ಜೆ ಬಿಚ್ಚುವ ದಿನ ಹಲಗೆ ಬಿಚ್ಚಿದೆವು

ಮೃಗಶಿರ ಮಳೆ ಹಿಡಿದ ಮೊದಲ ರಾತ್ರಿ ಟಾರ್ಚು, ಕತ್ತಿ, ಕೂಳಿ ಹಿಡಿದು ತೋಡಿಗೆ ಇಳಿಯದ ಹುಡುಗ ನಮ್ಮೂರಲ್ಲಿ ಇರಲಿಲ್ಲ. ಮೊದಲ ಮಳೆಗೆ ಮೊಟ್ಟೆ ಇಡಲು ಹೊಳೆಯಿಂದ ತೋಡು ಹತ್ತಿ ಬರುವ ಮೀನಿಗೆ ಹತ್ತುಮೀನು ಅಂತ ನಾವು, ಉಬರ್ ಮೀನು ಅಂತ ತುಳುವಿನವರು. ನಾನು ಮೊದಲು ಕಡಿದದ್ದು ಒಂದು ಮುಗುಡು. ಹೊಟ್ಟೆ ತುಂಬ ಮೊಟ್ಟೆ. ಅಮ್ಮ ಅದನ್ನು ಬೇರೆ ತೆಗೆದು ಹುರಿದುಕೊಟ್ಟಿದ್ದರು. ಬಹಳ ರುಚಿ. ಮುಂದಿನ ವರ್ಷದ ಮೀನನ್ನು ತಿನ್ನುತ್ತಿದ್ದೇನೆ ಎಂದು ಆಗ ಯಾರಿಗೆ ಗೊತ್ತು?

ನಮ್ಮ ಮನೆ ಬಾರ್ಕೂರಿನಿಂದ ಸ್ವಲ್ಪ ಮೇಲೆ, ಸೀತಾನದಿಗೆ ಸೇರುವ ತೋಡಿನ ಬದಿಯಲ್ಲಿ. ಆಗುಂಬೆ ಘಟ್ಟದ ಮಗ್ಗುಲಲ್ಲಿ ಹುಟ್ಟಿ ಹೆಬ್ರಿ ದಾಟಿ ಬರುವ ಈ ಹೊಳೆ, ಕೆಳಗೆ ಸ್ವರ್ಣೆಯನ್ನು ಕೂಡಿಕೊಂಡು ಕೋಡಿಬೆಂಗ್ರೆಯಲ್ಲಿ ಸಮುದ್ರ ಸೇರುತ್ತದೆ. ಮುಂಬೈಯ ಕೆಲಸ ಬಿಟ್ಟು ಊರಿಗೆ ಬಂದಾಗ ತೋಡಿನಲ್ಲಿ ನೀರಿತ್ತು, ಮೀನಿರಲಿಲ್ಲ. ತೋಟೆ (ಸಿಡಿಮದ್ದು) ಹಾಕಿ ಕೊಂದರು, ವಿಷ ಹಾಕಿದರು, ಕಾಲ ಕೆಟ್ಟಿತು ಎಂದು ಒಬ್ಬೊಬ್ಬರದು ಒಂದೊಂದು ಕಾರಣ. ಸುಳ್ಳೇನಲ್ಲ. ಆದರೆ ಒಂದು ಜೂನ್‌ನಲ್ಲಿ ಕೊಡೆ ಹಿಡಿದು ಹೊಳೆಯವರೆಗೂ ತೋಡಿನಲ್ಲೇ ನಡೆದೆ. ಆಗ ಕಂಡದ್ದು ಬೇರೆ.

ರಸ್ತೆಯ ಮೋರಿಯ ಕೆಳಗೆ ಕಾಂಕ್ರೀಟ್ ಹಾಸು ಮುಗಿದಲ್ಲಿ ನೀರು ಎರಡೂವರೆ ಅಡಿ ಕೆಳಗೆ ಬೀಳುತ್ತಿತ್ತು. ಹೆಬ್ಬೆರಳುದ್ದದ ಬಿಳಿ ಮೀನುಗಳು ಹಾರುತ್ತವೆ, ಕಾಂಕ್ರೀಟಿಗೆ ಬಡಿದು ಬೀಳುತ್ತವೆ, ಮತ್ತೆ ಹಾರುತ್ತವೆ. ಕೆಳಗೆ ನಾಲ್ಕು ಜನ ಬಲೆ ಹಿಡಿದು ಆರಾಮವಾಗಿ ಕೂತಿದ್ದಾರೆ. ಅಲ್ಲಿಂದ ಅರ್ಧ ಮೈಲಿ ಕೆಳಗೆ, ಕಿಂಡಿಗಳಿಗೆ ಹಲಗೆ ಇಳಿಸಿ ನೀರು ತಡೆಯುವ ಕಿಂಡಿ ಅಣೆಕಟ್ಟಿನಲ್ಲಿ ಹಲಗೆಗಳು ಹಾಗೇ ಇವೆ.

ಕಿಂಡಿ ಅಣೆಕಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಮಳೆ ಮುಗಿದ ಮೇಲೆ ಹಲಗೆ ಇಳಿಸಿದರೆ ಉಪ್ಪುನೀರು ಮೇಲೇರುವುದಿಲ್ಲ, ಸುಗ್ಗಿ ಬೆಳೆಗೆ ನೀರು, ಬಾವಿಗೂ ಒರತೆ. ತೊಂದರೆ ಇರುವುದು ಹಲಗೆ ತೆಗೆಯುವ ದಿನದಲ್ಲಿ. ಆ ವರ್ಷ ಯಾರದೋ ಕೂಲಿ ಬಿಲ್ಲು ಯಾವುದೋ ಕಚೇರಿಯಲ್ಲಿ ಕೂತಿತ್ತು. ಮೀನು ಬಿಲ್ಲಿಗೆ ಕಾಯುತ್ತದೆಯೇ? ನೆರೆ ಒತ್ತಿದ ಮೇಲಂತೂ ಆ ಹಲಗೆಯನ್ನು ಆನೆ ಬಂದರೂ ಎಳೆಯಲಾರದು.

ಆರು ಮನೆಯವರು ಸೇರಿ ಪಂಚಾಯತಿಗೆ ಬರೆದುಕೊಟ್ಟು ಒಪ್ಪಿಗೆ ಪಡೆದೆವು. ದಿನ ಯಾವುದೆಂಬ ಚರ್ಚೆ ಬಂತು. ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ, ಮೇ ಕೊನೆಯ ಪತ್ತನಾಜೆಯೇ ಇರಲಿ ಎಂದೆ, ಆ ದಿನ ಯಾರಿಗೂ ಮರೆಯುವುದಿಲ್ಲ. ಅಡಿಕೆ ತೋಟದವರು ಎದ್ದು ನಿಂತರು: ಮಳೆ ತಡವಾದರೆ ಪಂಪು ಏನು ಕುಡಿಯಬೇಕು? ಅವರು ಹೇಳಿದ್ದು ನ್ಯಾಯವೇ. ಕೊನೆಗೆ ಪತ್ತನಾಜೆಗೆ ಮೇಲಿನ ಹಲಗೆ ಮಾತ್ರ, ಪ್ರತಿ ಕಿಂಡಿಯಲ್ಲೂ ತಳದ ಎರಡಕ್ಕೆ ಹಗ್ಗ ಕಟ್ಟಿಡುವುದು, ಮೊದಲ ದೊಡ್ಡ ಮಳೆಗೆ ಅದನ್ನೂ ಎಳೆಯುವುದು ಎಂದಾಯಿತು.

ಮೋರಿಯ ಕೆಲಸದಲ್ಲಿ ನಾನು ಚೆನ್ನಾಗಿ ಮುಖ ಕೆಡಿಸಿಕೊಂಡೆ. ಎರಡು ಲೋಡು ಮುರಕಲ್ಲಿನ (ಕೆಂಪುಕಲ್ಲಿನ) ತುಂಡು ತರಿಸಿ ಬೀಳುವ ನೀರಿನ ಕೆಳಗೆ ರಾಶಿ ಹಾಕಿದೆ. ‘ಎಂತಾ ಮರಾಯ್ರೆ, ಮೀನಿಗೂ ಮೆಟ್ಲ್ ಕಟ್ಟುದಾ?’ ಎಂದು ಪಕ್ಕದ ಮನೆಯವರು ನಕ್ಕರು. ಜುಲೈಯ ಒಂದೇ ನೆರೆಗೆ ಕಲ್ಲೆಲ್ಲ ಅವರ ಗದ್ದೆಯಲ್ಲಿ! ಹೆಕ್ಕಿಕೊಟ್ಟದ್ದೂ ನಾನೇ.

ಮರುವರ್ಷ ಬೇಸಿಗೆಯಲ್ಲಿ ಸರಿಯಾಗಿ ಮಾಡಿದೆವು. ಒಂದಡಿ ಏರಲು ಇಪ್ಪತ್ತು ಅಡಿ ಉದ್ದ ಎಂಬ ಲೆಕ್ಕ. ಎರಡೂವರೆ ಅಡಿಗೆ 50 ಅಡಿ. ಈ ಸಲ ಕಪ್ಪುಕಲ್ಲು, ಅರ್ಧ ಆಳ ನೆಲದಲ್ಲಿ ಹೂತದ್ದು. ಸಾಲುಸಾಲಾಗಿ ಬಿಲ್ಲಿನಂತೆ ಬಾಗಿಸಿ, ಬಿಲ್ಲಿನ ಬೆನ್ನು ನೀರು ಬರುವ ಕಡೆಗೆ. ಹಾಗಿದ್ದರೆ ನೆರೆ ಒತ್ತಿದಷ್ಟೂ ಕಲ್ಲು ಒಂದಕ್ಕೊಂದು ಬಿಗಿಯುತ್ತದೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಅರ್ಧ ಅಡಿಗಿಂತ ಹೆಚ್ಚು ಜಿಗಿತ ಇಲ್ಲ. ನಡುವೆ ಮೀನು ದಣಿವಾರಿಸಿಕೊಳ್ಳಲು ಮೊಣಕಾಲುದ್ದದ ಗುಂಡಿ. ಬಲೆ ಇಡುವವರೊಂದಿಗಿನ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ, ಅದನ್ನು ಬರೆಯುವುದಿಲ್ಲ.

ಎಲ್ಲ ಮೀನೂ ಮಳೆಗೇ ಹತ್ತುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಹೊಳೆಯ ದೊಡ್ಡ ಚಟ್ಲಿ (ಸಿಗಡಿ) ಮೊಟ್ಟೆ ಹೊತ್ತು ಅಳಿವೆಗೆ ಇಳಿಯುತ್ತದೆ. ಮರಿಗೆ ಮೊದಲ ವಾರಗಳಲ್ಲಿ ಸವುಳು ನೀರೇ ಬೇಕು. ಆ ಮರಿಗಳು ಸಿಹಿನೀರು ಹುಡುಕಿ ಮೇಲೆ ಬರುವ ಹೊತ್ತಿಗೆ ನಾವು ಹಲಗೆ ಹಾಕಿಯಾಗಿರುತ್ತದೆ. ಹಾವುಮೀನಿನ ಪಾಡೂ ಕಷ್ಟವೇ. ಅದು ಸಮುದ್ರದಲ್ಲಿ ಹುಟ್ಟಿ ಹೊಳೆಗೆ ಬರುವ ಜಾತಿ, ಮರಿಗೆ ಹಾರಲು ಬರುವುದಿಲ್ಲ, ಒದ್ದೆಯಾದ ಒರಟು ಜಾಗ ಸಿಕ್ಕರೆ ತೆವಳಿ ಏರುತ್ತದೆ. ಮನೆಯಲ್ಲಿ ಕತ್ತದ ಹಗ್ಗಕ್ಕೆ ಬರವೇ? ಹನ್ನೆರಡು ಹಗ್ಗಗಳ ಹುರಿ ಬಿಚ್ಚಿ ಜಡೆಯಂತೆ ಕೆದರಿ, ಹಲಗೆಯ ಸಂದಿಯಿಂದ ನೀರು ಒಸರುವಲ್ಲಿ ಮೇಲಿನಿಂದ ಕೆಳಗೆ ಇಳಿಬಿಟ್ಟೆವು. ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಟಾರ್ಚು ಹಾಕಿದರೆ ಹಗ್ಗದ ತುಂಬ ಸಣ್ಣ ಸಣ್ಣ ಕೆಂಪು ಚುಕ್ಕಿ. ಚಟ್ಲಿ ಮರಿಗಳ ಕಣ್ಣು! ಅಕ್ಕಿಕಾಳಿನಷ್ಟಿನ ಗಾಜಿನ ಮೈ, ನಾರಿಗೆ ಕಾಲು ಸಿಕ್ಕಿಸಿಕೊಂಡು ಒಂದರ ಹಿಂದೆ ಒಂದು. ಬೆಳಕು ಬಿದ್ದ ಕೂಡಲೇ ನಿಂತವು, ಆರಿಸಿದೆ. ಹಾವುಮೀನಿನ ಮರಿ ಮಾತ್ರ ಈವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಉಳಿದದ್ದು ಗದ್ದೆ. ಮುಗುಡು ತೋಡಿಗಾಗಿ ಹತ್ತುವುದಲ್ಲ, ಗದ್ದೆಯ ನಿಂತ ನೀರಿಗಾಗಿ ಹತ್ತುವುದು. 2020ರ ಸೆಪ್ಟೆಂಬರ್ 20ರ ನೆರೆಯ ನಂತರ ಹೆದರಿ ತೋಡಿನ ದಂಡೆ ಎತ್ತರಿಸಿದವರಲ್ಲಿ ನಾನೂ ಒಬ್ಬ. ಹಡಿಲು ಬಿದ್ದಿದ್ದ ನಮ್ಮ ಎರಡು ಬೈಲು ಗದ್ದೆಗಳ ಕಡೆ ಆ ದಂಡೆಯನ್ನು ಎರಡು ಕಡೆ ಕಡಿದೆ. ಮೊದಲ ಮಳೆಗಾಲದಲ್ಲಿ ಮೀನು ಒಳಗೆ ಬಂತು, ಮರಿಯೂ ಆಯಿತು. ಸೆಪ್ಟೆಂಬರ್‌ನಲ್ಲಿ ನೀರು ಒಮ್ಮೆಲೇ ಇಳಿದಾಗ ಅಷ್ಟೂ ಮರಿ ಕೆಸರಿನಲ್ಲಿ ಸಿಕ್ಕಿಕೊಂಡಿತು, ಕೊಕ್ಕರೆಗಳಿಗೆ ಸಮಾರಾಧನೆ. ಬರುವ ದಾರಿ ಮಾಡಿದೆ, ಹೋಗುವ ದಾರಿ ಮಾಡಿರಲಿಲ್ಲ. ಈಗ ಗದ್ದೆಯ ತಗ್ಗಿನ ಮೂಲೆಯಲ್ಲಿ ಸೊಂಟದಾಳದ ಗುಂಡಿ ಇದೆ, ಅಲ್ಲಿಂದ ತೋಡಿಗೆ ಒಂದು ಕಾಲುವೆ. ಏಣೆಲು (ಮಳೆಗಾಲದ ಭತ್ತ) ನಾಟಿ ಆಚೆಯ ಗದ್ದೆಯಲ್ಲಿ ಮಾತ್ರ, ಕಳೆನಾಶಕ ಇಲ್ಲ.

ಮೇಲಿನ ಮೋರಿಗೆ ಇನ್ನೂ ಕೈ ಹಾಕಿಲ್ಲ. ಅದು ಪೈಪಿನದ್ದು. ಮಳೆಗಾಲದಲ್ಲಿ ನೀರು ಅದರೊಳಗೆ ಗುಂಡು ಹೊಡೆದಂತೆ ಬರುತ್ತದೆ, ನಿಲ್ಲಲು ಒಂದು ಕಲ್ಲಿಲ್ಲ. ಪೈಪಿನ ತಳದಲ್ಲಿ ಅಡ್ಡಪಟ್ಟಿ ಕೂರಿಸಿದರೆ ಹೇಗೆ ಎಂದು ಮೇಸ್ತ್ರಿಯನ್ನು ಕೇಳಿದ್ದೇನೆ. ಕಸ ಸಿಕ್ಕಿ ರಸ್ತೆ ಮುಳುಗಿದರೆ ಜವಾಬ್ದಾರಿ ಯಾರದ್ದು ಎಂದು ಅವರು ಕೇಳಿದರು. ಏಪ್ರಿಲ್‌ನಲ್ಲಿ ಮತ್ತೊಮ್ಮೆ ಕೂತು ಮಾತಾಡಬೇಕು.